ತಿದ್ದಿದ ಚಿತ್ರ

೨೧ ನವೆಂಬರ್ ೨೦೦೫, ಸೋಮವಾರ

ಹೆಡ್‌ಮಾಸ್ಟರ್ ದೇವೇಂದ್ರಪ್ಪನವರು ಕರೆಸಿ, ಕೂರಿಸಿ, ಕಾಫಿ ತರಿಸಿದಾಗಲೇ ನನಗೆ ಅನುಮಾನ ಬಂತು. ಅವರು ಬಂದು ಆರು ವರ್ಷವಾಯಿತು. ಡ್ರಾಯಿಂಗ್ ಮೇಷ್ಟ್ರಿಗೆ ಕಾಫಿ ಕೊಡಿಸಿದ ದಾಖಲೆ ಎಲ್ಲೂ ಇಲ್ಲ.

"ಶಿವಬಸಪ್ಪ, ಜೂನ್‌ನಿಂದ ಕಂಪ್ಯೂಟರ್ ಶುರು ಮಾಡ್ತಾರಂತೆ. ನಿಮ್ಮ ರೂಮೇ ಲ್ಯಾಬ್ ಆಗುತ್ತೆ," ಅಂದರು.

"ರೂಮ್ ಹೋದ್ರೆ ಹೋಗ್ಲಿ ಸಾರ್. ಕ್ಲಾಸಲ್ಲೇ ಪಾಠ ಮಾಡ್ತೀನಿ," ಅಂದೆ.

ಅವರು ಲೋಟದೊಳಗೆ ನೋಡುತ್ತಾ, "ರೂಮ್ ಒಂದೇ ಅಲ್ಲ ಕಣ್ರೀ," ಅಂದರು.

ನನ್ನದು ಸರ್ಕಾರ ಸಂಬಳ ಕೊಡುವ ಹುದ್ದೆಯಲ್ಲ. ಆಡಳಿತ ಮಂಡಳಿಯವರು ಬೇಕೆಂದಷ್ಟು ದಿನ ಇರುತ್ತದೆ, ಬೇಡವೆಂದರೆ ಹೋಗುತ್ತದೆ. ವಿಜಯನಗರದ ಈ ಶಾಲೆಗೆ ಬಂದು ಹತ್ತೊಂಬತ್ತು ವರ್ಷ. ಐವತ್ತರ ಹತ್ತಿರ ಬಂದ ಡ್ರಾಯಿಂಗ್ ಮೇಷ್ಟ್ರನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ?

ಒಂದು ದಾರಿ ಇದೆಯಂತೆ. ಡಿಸೆಂಬರ್ ಹದಿನೇಳಕ್ಕೆ ವಾರ್ಷಿಕೋತ್ಸವ. ಮುಖ್ಯ ಅತಿಥಿ ಗಿರಿರಾಜ್ ಅಂತ, ಕಾಮಾಕ್ಷಿಪಾಳ್ಯದಲ್ಲಿ ಎರಡು ಗಾರ್ಮೆಂಟ್ಸ್ ನಡೆಸುವವರು. ಕಂಪ್ಯೂಟರ್ ಕೊಡಿಸುವವರೂ ಅವರೇ. ಆ ದಿನ ಮಕ್ಕಳ ಚಿತ್ರಪ್ರದರ್ಶನ ಇಡಬೇಕು. ಅವರು ಮೆಚ್ಚಿದರೆ ಕಾರ್ಯದರ್ಶಿಗಳ ಹತ್ತಿರ ಮಾತಾಡಬಹುದು.

"ಡ್ರಾಯಿಂಗ್‌ನಿಂದ ಏನ್ರೀ ಉಪಯೋಗ ಅಂತ ಕಾರ್ಯದರ್ಶಿಗಳು ಕೇಳಿದ್ರು. ನಂಗೂ ತಕ್ಷಣಕ್ಕೆ ಹೇಳೋಕೆ ಬರ್ಲಿಲ್ಲ," ಅಂದರು ದೇವೇಂದ್ರಪ್ಪ.

ನನಗೂ ಬರಲಿಲ್ಲ. ಅದಕ್ಕೇ ಸಿಟ್ಟು. ಮನೆಯಲ್ಲಿ ಜಗದಾಂಬಾಗೆ ಹೇಳಿಲ್ಲ.

೨೪ ನವೆಂಬರ್, ಗುರುವಾರ

ಎಂಟನೇ ಬಿ. ಗಣಿತದ ಅಂಜಿನಯ್ಯ ಎಂದಿನಂತೆ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಪೋರ್ಷನ್ ಮುಗಿದಿಲ್ಲ, ನಿಮ್ ಪೀರಿಯಡ್ ಕೊಟ್ಬಿಡಿ," ಅಂದರು. ಇಷ್ಟು ವರ್ಷದಲ್ಲಿ ನಾನು ಇಲ್ಲ ಅಂದದ್ದಿಲ್ಲ. ಕೊಟ್ಟರೆ ನನಗೂ ಸ್ಟಾಫ್ ರೂಮಿನಲ್ಲಿ ಕೂತು ಪೇಪರ್ ಓದಲು ಆಗುತ್ತದೆ. ಇವತ್ತು ಪ್ರದರ್ಶನದ ನೆಪ ಹೇಳಿ ಅರ್ಧ ಉಳಿಸಿಕೊಂಡು ಅರ್ಧ ಕೊಟ್ಟೆ.

ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ ಬರೆದೆ. ನಲವತ್ತೊಂದು ಮಕ್ಕಳು ಎರಡು ಗುಡ್ಡ ಬರೆದವು. ಕೊನೆಯ ಸಾಲಿನ ವಿಜಯಶ್ರೀ ಒಬ್ಬಳು ಬೇರೆ ಏನೋ ಬರೆಯುತ್ತಿದ್ದಳು. ಜೂನ್‌ನಲ್ಲಿ ಗದಗದ ಕಡೆಯಿಂದ ಬಂದು ಸೇರಿದ ಹುಡುಗಿ. ಹಾಳೆಯ ತುಂಬ ಹೊಲಿಗೆ ಮಷೀನುಗಳ ಮುಂದೆ ಸಾಲಾಗಿ ಕೂತ ಹೆಂಗಸರು, ಎಲ್ಲರೂ ನಮಗೆ ಬೆನ್ನು ಹಾಕಿದ್ದಾರೆ.

"ಇದೇನಮ್ಮ ಇದು?"

"ನಮ್ಮವ್ವನ ಗಾರ್ಮೆಂಟ್ಸ್‌ರಿ ಸರ. ಶನಿವಾರ ಸಾಲಿ ಬಿಟ್ಟ ಮ್ಯಾಲೆ ಹಿಂದಿನ ಕಿಡಕಿಯಾಗಿಂದ ನೋಡ್ಕೋಂತ ನಿಂದರ್ತೀನ್ರಿ. ಅಲ್ಲಿಂದ ಬರೇ ಬೆನ್ನ ಕಾಣ್ತಾವ್ರಿ."

"ಮುಖ ಇಲ್ದೆ ಯಾರು ಯಾರು ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಗ್ತೈತ್ರಿ," ಅಂದಳು, ನನಗೆ ಅಷ್ಟೂ ತಿಳಿಯುವುದಿಲ್ಲವೇ ಎಂಬಂತೆ. "ಇಕಿ ನಮ್ಮವ್ವ. ಒಂದು ಹೆಗಲ ತಗ್ಗಿಸಿ ಕುಂತಾಳ ನೋಡ್ರಿ, ಅಕಿ ಶಾಂತವ್ವ."

ನಡುವೆ ಒಂದು ಸ್ಟೂಲ್ ಖಾಲಿ ಇತ್ತು. ಅದರ ಮೇಲೆ ಮಡಚಿಟ್ಟ ಕೌದಿಯ ತುಂಡು, ಹಳೆ ಬಟ್ಟೆಯ ಚೂರುಗಳನ್ನು ಸೇರಿಸಿ ಹೊಲಿದದ್ದು. ಕ್ರೇಯಾನ್ ಡಬ್ಬಿಯಲ್ಲಿದ್ದ ಬಣ್ಣವನ್ನೆಲ್ಲ ಆ ಅಂಗೈಯಗಲ ಜಾಗಕ್ಕೆ ಒತ್ತಿ ತುಂಬಿದ್ದಾಳೆ. ಉಳಿದ ಚಿತ್ರವೆಲ್ಲ ಬೂದು, ಕಂದು.

"ಇದು ಯಾಕೆ ಖಾಲಿ?"

"ಅದು ಬಸವ್ವಂದ್ರಿ."

ಬಸವ್ವ ಯಾರೆಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಅಂಜಿನಯ್ಯ ಸೀಮೆಸುಣ್ಣ ಹಿಡಿದು ಬಂದರು.

೨೮ ನವೆಂಬರ್, ಸೋಮವಾರ

ಸಂಜೆ ಹಾಳೆಗಳನ್ನೆಲ್ಲ ಹರಡಿ ಕೂತೆ. ಪ್ರದರ್ಶನಕ್ಕೆ ಮೂವತ್ತು ಬೇಕು. ಸೊಟ್ಟ ಗುಡ್ಡ, ಒಡೆದ ಮೊಟ್ಟೆಯಂಥ ಸೂರ್ಯ. ಎಲ್ಲವನ್ನೂ ನಾನೇ ತಿದ್ದಬೇಕು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಯಾವ ಶಾಲೆಯ ಪ್ರದರ್ಶನಕ್ಕೆ ಹೋದರೂ ಮಕ್ಕಳ ಹೆಸರಿನ ಹಿಂದೆ ಮೇಷ್ಟ್ರ ಕೈ ಕಾಣುತ್ತದೆ. ನನ್ನ ಮೇಷ್ಟ್ರೂ ನನ್ನದನ್ನು ತಿದ್ದಿದ್ದರು. ದಾವಣಗೆರೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ನಾನು ಬರೆದ "ಊರ ಬಾವಿ"ಗೆ ಜಿಲ್ಲೆಗೇ ಮೊದಲ ಬಹುಮಾನ ಬಂತು. ಇವತ್ತಿಗೂ ಅದು ನಮ್ಮ ಟೀವಿಯ ಮೇಲುಗಡೆ ಗೋಡೆಯಲ್ಲಿದೆ. ಅದು ಸಿಗದಿದ್ದರೆ ನಾನು ಈ ಕೆಲಸಕ್ಕೇ ಬರುತ್ತಿರಲಿಲ್ಲ.

ವಿಜಯಶ್ರೀಯದನ್ನು ಮೊದಲು ಪಕ್ಕಕ್ಕಿಟ್ಟಿದ್ದೆ. ಆಮೇಲೆ ಹೊಳೆಯಿತು, ಗಾರ್ಮೆಂಟ್ಸ್ ಸಾಹುಕಾರರ ಮುಂದೆ ಗಾರ್ಮೆಂಟ್ಸ್ ಚಿತ್ರ. ಇದಕ್ಕಿಂತ ಒಳ್ಳೆಯ ಅರ್ಜಿ ಯಾವುದಿದೆ? ಆದರೆ ಬರೀ ಬೆನ್ನು ತೋರಿಸಿದರೆ ಯಾರು ಮೆಚ್ಚುತ್ತಾರೆ.

೩ ಡಿಸೆಂಬರ್, ಶನಿವಾರ

ಇವತ್ತು ಅದನ್ನು ಮುಗಿಸಿದೆ. ಖಾಲಿ ಸ್ಟೂಲಿನ ಮೇಲೆ ಒಬ್ಬ ಹೆಂಗಸನ್ನು ಕೂರಿಸಿದೆ. ಹಳದಿ ಸೀರೆ, ಮುಡಿಯಲ್ಲಿ ಮಲ್ಲಿಗೆ. ತಿರುಗಿ ನೋಡಿ ನಗುತ್ತಿದ್ದಾಳೆ. ಕೈಯಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಿದ್ದಾಳೆ. ಕ್ರೇಯಾನ್ ಮೇಣದ ಮೇಲೆ ಪೋಸ್ಟರ್ ಕಲರ್ ನಿಲ್ಲುವುದಿಲ್ಲ, ಹನಿ ಹನಿಯಾಗಿ ಜಾರುತ್ತದೆ. ಆ ಕೌದಿಯಂತೂ ಬಣ್ಣವನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಬ್ರಷ್ಷನ್ನು ಸೋಪಿಗೆ ಉಜ್ಜಿ ಬಣ್ಣಕ್ಕೆ ಅದ್ದಿದರೆ ಹಿಡಿಯುತ್ತದೆ. ಹಳೆಯ ಉಪಾಯ. ಮೂರು ಸಲ ಬಳಿದ ಮೇಲೆ ಕೌದಿ ಮುಚ್ಚಿತು.

ಚೆನ್ನಾಗಿ ಬಂದಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಮುಖದಲ್ಲಿ ಜೀವವಿದೆ.

೧೨ ಡಿಸೆಂಬರ್, ಸೋಮವಾರ

ಫ್ರೇಮಿಗೆ ಹಾಕಿಸಿ ತಂದೆ. ವಿಜಯಶ್ರೀಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಹೇಗಿದೆ?" ಅಂದೆ. "ಚಂದ ಐತ್ರಿ ಸರ," ಅಂದು ಹೋದಳು. ಇವತ್ತಿನ ಪೀರಿಯಡ್‌ನಲ್ಲಿ ಬೋರ್ಡಿನ ಮೇಲಿನ ಎರಡು ಗುಡ್ಡವನ್ನೇ ಬರೆದಳು. ನೇರವಾಗಿ, ಸ್ಕೇಲ್ ಇಟ್ಟು.

ಕಾರ್ಯದರ್ಶಿಗಳು ನನ್ನ ರೂಮಿನಲ್ಲಿ ಟೇಪು ಹಿಡಿದು ಅಳತೆ ತೆಗೆಸುತ್ತಿದ್ದರು. ನನ್ನನ್ನು ನೋಡಿಯೂ ನೋಡದವರಂತೆ ಕಿಟಕಿಯ ಅಗಲ ಕೇಳಿದರು. ನಾಲ್ಕಡಿ ಅಂದೆ.

೧೭ ಡಿಸೆಂಬರ್, ಶನಿವಾರ

ಉಳಿದೆ.

ಮೊದಲಿಂದ ಬರೆಯುತ್ತೇನೆ. ಗಿರಿರಾಜ್ ಪ್ರದರ್ಶನದ ರೂಮಿಗೆ ಬಂದು ಗುಡ್ಡಗಳ ಮುಂದೆ ಒಂದೇ ನಡಿಗೆಯಲ್ಲಿ ಹೋಗುತ್ತಿದ್ದರು. ವಿಜಯಶ್ರೀಯ ಚಿತ್ರದ ಮುಂದೆ ನಿಂತರು. ಹಿಂದೆ ಸರಿದು ನೋಡಿದರು, ಮುಂದೆ ಬಂದು ನೋಡಿದರು.

"ಇದು ನಮ್ಮ ಯೂನಿಟ್ಟೇ ಅಲ್ವಾ? ಆ ಕಂಬ ನೋಡಿ, ನಮ್ಮದೇ," ಅಂದರು. "ಇದನ್ನ ನಂಗೆ ಕೊಡಿ. ಆಫೀಸಲ್ಲಿ ಹಾಕ್ತೀನಿ. ಫಾರಿನ್ ಬೈಯರ್ಸ್ ಬರ್ತಾ ಇರ್ತಾರೆ, ನಮ್ಮ ಹೆಣ್ಮಕ್ಳು ಎಷ್ಟು ಖುಷಿಯಾಗಿ ಕೆಲಸ ಮಾಡ್ತಾರೆ ಅಂತ ನೋಡ್ಲಿ."

ಕಾರ್ಯದರ್ಶಿಗಳು ನನ್ನ ಬೆನ್ನು ತಟ್ಟಿದರು. ಬುಧವಾರ ಗಿರಿರಾಜ್ ಅವರ ಡ್ರೈವರ್ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾನೆ. ದೇವೇಂದ್ರಪ್ಪ ಕಿವಿಯ ಹತ್ತಿರ ಬಂದು, "ಬಚಾವಾದ್ರಿ ಬಿಡಿ. ಡ್ರಾಯಿಂಗೂ ಇರ್ಲಿ ಅಂದ್ರು," ಅಂದರು.

ವೇದಿಕೆಯಲ್ಲಿ ಮೊದಲ ಬಹುಮಾನ ವಿಜಯಶ್ರೀಗೆ ಎಂದು ಕೂಗಿದರು. ಹುಡುಗಿ ಏಳಲೇ ಇಲ್ಲ. ಎರಡನೇ ಸಲ ಕೂಗಿದರು. ನಾನೇ ಹೋಗಿ ರಟ್ಟೆ ಹಿಡಿದೆ.

"ಅದು ನಂದಲ್ರಿ ಸರ," ಅಂದಳು, ನನಗೆ ಮಾತ್ರ ಕೇಳುವಷ್ಟು.

"ಸುಮ್ನೆ ಹೋಗಮ್ಮ," ಅಂತ ಮುಂದಕ್ಕೆ ದೂಡಿದೆ. ಸರ್ಟಿಫಿಕೇಟು ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಇಳಿದು ಬಂದಳು. ಏನು ಸೊಕ್ಕು ಈ ವಯಸ್ಸಿಗೇ.

ಬರುವಾಗ ಮೈಸೂರುಪಾಕು ತಂದು ಜಗದಾಂಬಾಗೆ ಎಲ್ಲ ಹೇಳಿದೆ. "ಒಂದು ತಿಂಗಳು ಹೊಟ್ಟೆಯಲ್ಲಿ ಇಟ್ಕೊಂಡಿದ್ರಾ? ಅದಕ್ಕೇ ಗ್ಯಾಸ್ ಗ್ಯಾಸ್ ಅಂತಿದ್ರಿ," ಅಂದಳು. ಇಬ್ಬರೂ ನಕ್ಕೆವು.

೧೮ ಡಿಸೆಂಬರ್, ಭಾನುವಾರ

ಪ್ರದರ್ಶನ ಇವತ್ತೂ ತೆರೆದಿತ್ತು. ಹನ್ನೊಂದು ಗಂಟೆಗೆ ನಾಲ್ಕು ಮಂದಿ ಹೆಂಗಸರು ಬಂದರು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ರೂಮಿನ ಹೊರಗೆ ಚಪ್ಪಲಿ ಬಿಟ್ಟರು. ಬೇಡ ಅಂದರೂ ಬಿಟ್ಟರು. ವಿಜಯಶ್ರೀಯ ತಾಯಿ ಲಕ್ಷ್ಮವ್ವ ನಮಸ್ಕಾರ ಮಾಡಿ, "ಗಾರ್ಮೆಂಟ್ಸಿನಾಗ ನಮ್ಮ ಲೈನಿನವ್ರಿ ಸರ. ಚಿತ್ರ ನೋಡಾಕ ಬಂದಾರ," ಅಂದಳು. ಹುಡುಗಿ ಬಂದಿರಲಿಲ್ಲ.

ಚಿತ್ರದ ಮುಂದೆ ನಿಂತದ್ದೇ ತಡ, ಗುರುತಿಸತೊಡಗಿದರು. "ಇಕಿ ನಾನಽ," "ಇದು ನಿನ್ನ ತುರುಬು," "ಶಾಂತವ್ವ, ನಿನ್ನ ಹೆಗಲ ನೋಡ, ಎಡಕ್ಕ ಹೆಂಗ ಇಳದೈತಿ." ಗಾಜಿಗೆ ಬೆರಳು ತಾಗದಂತೆ ಹತ್ತಿರ ಹಿಡಿದು ತೋರಿಸಿಕೊಂಡು ನಗುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ನಾನಿಟ್ಟ ಯಾವ ಪ್ರದರ್ಶನದಲ್ಲೂ ಯಾರೂ ಚಿತ್ರದ ಮುಂದೆ ಅಷ್ಟು ಹೊತ್ತು ನಿಂತದ್ದಿಲ್ಲ. ನನಗೂ ಖುಷಿಯಾಗಿ ಹತ್ತಿರ ಹೋದೆ.

ಆಮೇಲೆ ಬೆರಳು ನಡುವಿನ ಸ್ಟೂಲಿಗೆ ಬಂದು ನಿಂತಿತು.

"ಇಕಿ ಯಾರ್ರಿ?" ಅಂದಳು ಶಾಂತವ್ವ.

"ಹಾಗೇ, ಒಬ್ಬ ಹೆಂಗಸು," ಅಂದೆ.

"ನಮ್ಮ ಲೈನಿನಾಗ ಇಂಥಾಕಿ ಯಾರೂ ಇಲ್ರಿ."

ಕಡೆಗೆ ಲಕ್ಷ್ಮವ್ವನೇ ಹೇಳಿದಳು. ಅಲ್ಲಿ ಕೂರುತ್ತಿದ್ದವಳು ಬಸವ್ವ. ಅಕ್ಟೋಬರ್‌ನಲ್ಲಿ ಮೂರು ದಿನ ಜ್ವರ. ಟಾರ್ಗೆಟ್ ಇದೆ ಅಂತ ರಜೆ ಕೊಡಲಿಲ್ಲ. ಮಧ್ಯಾಹ್ನ ಮಷೀನಿನ ಮೇಲೆ ತಲೆಯಿಟ್ಟವಳು ಎತ್ತಲಿಲ್ಲ. ಆಟೋದಲ್ಲಿ ಒಯ್ದರು, ಸಂಜೆಗೆ ತೀರಿಕೊಂಡಳು. ಹೆಣ ಊರಿಗೆ ಹೋಯಿತು. ಲೈನಿನವರನ್ನು ಯಾರನ್ನೂ ಹೋಗಲು ಬಿಡಲಿಲ್ಲ.

"ಅಕಿದೊಂದು ಫೋಟೋ ಸೈತ ಇಲ್ರಿ ನಮ್ಮ ಕಡೆ. ನಮ್ಮ ಹುಡುಗಿ ಅಕಿ ಸ್ಟೂಲಾ, ಅಕಿ ಹಾಸ್ಕೊಂಡ ಕುಂದರ್ತಿದ್ದ ಕೌದಿ ಚಿತ್ರದಾಗ ತಗದೀನಿ ಅಂದ್ಲು. ನೋಡಿ ಬರೂಣು ಅಂತ ಬಂದ್ವಿ."

ಲಕ್ಷ್ಮವ್ವ ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ ಸರ. ಚಂದ ಐತ್ರಿ," ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

೧೯ ಡಿಸೆಂಬರ್, ಸೋಮವಾರ

ರಾತ್ರಿ ಗೋಡೆಯ "ಊರ ಬಾವಿ"ಯನ್ನು ಇಳಿಸಿ ದೀಪದ ಕೆಳಗೆ ಇಟ್ಟುಕೊಂಡು ಕೂತೆ. ಬಾವಿಕಟ್ಟೆಯ ಕಲ್ಲುಗಳು ಮೇಷ್ಟ್ರದು. ನೀರು ಸೇದುವ ಹೆಂಗಸರು ಮೇಷ್ಟ್ರದು. ಆಲದ ಮರ ಅವರದೇ, ಅಷ್ಟು ಎಲೆ ಬರೆಯುವ ತಾಳ್ಮೆ ನನಗೆ ಆಗ ಇರಲಿಲ್ಲ. ಹಾಗಾದರೆ ನನ್ನದು ಯಾವುದು?

ಜಗದಾಂಬಾ ಹಿಂದೆ ಬಂದು ನಿಂತಳು. "ಏನು ಹುಡುಕ್ತಾ ಇದೀರಿ?"

"ಇದರಲ್ಲಿ ನಾನು ಬರೆದಿದ್ದು ಯಾವುದು ಅಂತ."

ಅವಳು ಬಗ್ಗಿ ನೋಡಿ ಮೂಲೆಯಲ್ಲಿ ಬೆರಳಿಟ್ಟಳು. "ಈ ನಾಯಿ. ಇದೊಂದೇ ನಿಮ್ಮ ಥರ ಸೊಟ್ಟಗೆ ನಿಂತಿದೆ."

ನಿಜ. ಅದು ನಮ್ಮ ಮನೆಯ ನಾಯಿ. ಒಂದು ಕಾಲು ಕುಂಟು. ಮೇಷ್ಟ್ರ ಕಣ್ಣು ತಪ್ಪಿ ಉಳಿದುಕೊಂಡಿದೆ. ಅದರ ಹೆಸರು ನೆನಪಾಗಿ ಅಳು ಬಂತು.

೨೦ ಡಿಸೆಂಬರ್, ಮಂಗಳವಾರ

ಶಾಲೆ ಬಿಟ್ಟ ಮೇಲೆ ಚಿತ್ರವನ್ನು ಫ್ರೇಮಿನಿಂದ ಬಿಡಿಸಿ, ಸುತ್ತಿಕೊಂಡು, ಬಾಪೂಜಿ ನಗರಕ್ಕೆ ನಡೆದೆ. ಲಕ್ಷ್ಮವ್ವನ ಮನೆ ಒಂದೇ ಕೋಣೆ. ಆಗತಾನೇ ಕೆಲಸದಿಂದ ಬಂದಿದ್ದಳು, ಶಾಂತವ್ವನೂ ಇದ್ದಳು. ವಿಜಯಶ್ರೀ ನನ್ನನ್ನು ನೋಡಿ ಎದ್ದು ಗೋಡೆಗೆ ಒತ್ತಿಕೊಂಡಳು.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು, "ಅಂದು ನಾನು ಪೂರ್ತಿ ಕೇಳಲೇ ಇಲ್ಲ. ಸ್ಟೂಲ್ ಯಾಕೆ ಖಾಲಿ ಬಿಟ್ಟೆ ಮಗಳೇ?" ಅಂದೆ.

ಹುಡುಗಿ ತಾಯಿಯ ಕಡೆ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಬಸವ್ವ ಸತ್ತ ಮರುದಿನಾನ ಅಲ್ಲಿ ಬ್ಯಾರೇದಾಕಿನ್ನ ಕುಂದ್ರಿಸಿದ್ರು. ಚಿತ್ರದಾಗರ ಅಕಿ ಜಾಗಾ ಅಕಿಗೇ ಇರ್ಲಿ ಅಂತ ಬಿಟ್ಟಿದ್ನಿ. ನೀವೂ ಬ್ಯಾರೇದಾಕಿನ್ನ ಕುಂದ್ರಿಸಿದ್ರಿ."

ಲಕ್ಷ್ಮವ್ವ, "ಏ, ಸರಗ ಹಂಗ ಅನಬಾರ್ದು," ಅಂದಳು. ಅನ್ನಲಿ ಅಂದೆ.

ಬಣ್ಣ ತೊಳೆದರೆ ಹೋಗುತ್ತದೆ, ಕೆಳಗಿನ ಮೇಣ ಉಳಿಯುತ್ತದೆ ಎಂದು ವಿವರಿಸಿದೆ. ಹಾಳೆ ಹರಿಯಲೂಬಹುದು. ಇನ್ನೊಂದು ಭಯವನ್ನೂ ಹೇಳಿದೆ. ಖಾಲಿ ಸ್ಟೂಲಿನ ಚಿತ್ರ ಗಿರಿರಾಜ್ ಕೈಗೆ ಹೋದರೆ, ಯಾರ ಮಗಳು ಬರೆದದ್ದು ಎಂದು ಅವರು ಕೇಳಿದರೆ, ಲಕ್ಷ್ಮವ್ವನ ಕೆಲಸಕ್ಕೆ ಕುತ್ತು. "ನೀವು ಬೇಡ ಅಂದ್ರೆ ಹಾಗೇ ಕಳಿಸ್ತೀನಿ," ಅಂದೆ.

ಲಕ್ಷ್ಮವ್ವ ಶಾಂತವ್ವನ ಮುಖ ನೋಡಿದಳು. ಶಾಂತವ್ವ ಎದ್ದು ಬೋಗುಣಿಯಲ್ಲಿ ನೀರು ತಂದಿಟ್ಟಳು.

"ಅವ್ರಿಗೆ ಕೊಡಬ್ಯಾಡ್ರಿ. ನಮಗ ಕೊಡ್ರಿ," ಅಂದಳು ಲಕ್ಷ್ಮವ್ವ. "ಸಾಹೇಬ್ರಿಗೆ ಏನಂತ ಹೇಳ್ತೀರಿ?"

"ನೀರು ಬಿತ್ತು ಅಂತೀನಿ."

ಹತ್ತಿ ಅದ್ದಿ ಹಳದಿ ಸೀರೆಯ ಮೇಲೆ ಇಟ್ಟೆ. ಹಾಳೆ ಉಬ್ಬಿತು. ಇನ್ನೊಮ್ಮೆ ಒರೆಸಿದರೆ ಹರಿಯುತ್ತದೆ ಅನ್ನಿಸಿ ನಿಲ್ಲಿಸಿದೆ. ಆಗ ವಿಜಯಶ್ರೀ ಬಂದು ಪಕ್ಕದಲ್ಲಿ ಕೂತು, "ನಾ ಮಾಡ್ತೀನ್ರಿ ಸರ. ನೀವು ಮೂಲಿ ಹಿಡೀರಿ," ಅಂದಳು.

ಮೂಲೆ ಹಿಡಿದು ಕೂತೆ. ಅವಳು ಉಜ್ಜಲಿಲ್ಲ, ಹತ್ತಿಯನ್ನು ಒತ್ತಿ ಒತ್ತಿ ಎತ್ತಿದಳು. ಮಲ್ಲಿಗೆ ಹೋಯಿತು, ಮುಖ ಹೋಯಿತು. ನಾನು ಜೀವವಿದೆ ಎಂದು ಹೊಗಳಿಕೊಂಡ ಮುಖ ಬೋಗುಣಿಯ ನೀರಿಗೆ ಹೋಯಿತು. ಕೆಳಗಿನಿಂದ ಕೆಂಪು, ನೀಲಿ, ಹಸಿರು, ಕೌದಿಯ ಚೂರುಗಳು ಒಂದೊಂದಾಗಿ ಬಂದವು. ಸುತ್ತ ಹಳದಿ ಕಲೆ ಮಾತ್ರ ಹೋಗಲಿಲ್ಲ.

ಶಾಂತವ್ವ ಒದ್ದೆ ಹಾಳೆಯ ಮೇಲೆ, ಕೌದಿಯ ಮೇಲೆ, ಬೆರಳಿಟ್ಟಳು. "ಇಲ್ಲೇ ಕುಂದರ್ತಿದ್ಲು," ಅಂದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಲಕ್ಷ್ಮವ್ವನೂ ಅತ್ತಳು. ಬಸವ್ವ ಸತ್ತ ದಿನ ಅಳಲು ಬ್ರೇಕ್ ಕೂಡ ಇರಲಿಲ್ಲವಂತೆ. ನಾನು ಮೂಲೆ ಬಿಡಲಿಲ್ಲ, ಒಣಗುವವರೆಗೆ ಹಿಡಿದೇ ಇದ್ದೆ.

೨೧ ಡಿಸೆಂಬರ್, ಬುಧವಾರ

ಹತ್ತು ಗಂಟೆಗೆ ಡ್ರೈವರ್ ಬಂದ. ಚಿತ್ರದ ಮೇಲೆ ನೀರು ಬಿದ್ದು ಹಾಳಾಯಿತು ಎಂದು ಹೇಳಿದೆ. ದೇವೇಂದ್ರಪ್ಪ ಡ್ರೈವರ್‌ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು.

"ಹಾಳಾದ್ರೆ ಏನಂತೆ, ಇನ್ನೊಂದು ಬರೀರಿ. ಎರಡು ಗಂಟೆ ಕೆಲಸ ನಿಮಗೆ."

"ಅದು ಮಗು ಬರೆದಿದ್ದು ಸಾರ್."

"ಶಿವಬಸಪ್ಪ, ನನ್ನ ಹತ್ರ ಬೇಡ. ಆ ಹೆಂಗಸಿನ ಮುಖ ಯಾರು ಬರೆದಿದ್ದು ಅಂತ ನಂಗೆ ಗೊತ್ತಿಲ್ವಾ? ನಾಳೆ ಅಂತ ಹೇಳಿ ಕಳಿಸ್ತೀನಿ. ಬರೀರಿ."

ಬರೆಯಬಹುದಿತ್ತು. ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ ಅಂಥದ್ದನ್ನು. ಬಾಡಿಗೆ, ಜಗದಾಂಬಾಳ ಮುಖ, ಎಲ್ಲ ಕಣ್ಣ ಮುಂದೆ ಬಂತು.

"ನನ್ನ ಕೈಲಿ ಆಗಲ್ಲ ಸಾರ್," ಅಂದೆ.

ಅವರು ಎದ್ದು ಬಾಗಿಲ ಚಿಲಕ ತೆಗೆದರು. "ಹಾಗಾದ್ರೆ ನಿಮ್ಮ ಕೆಲಸ ಮಾರ್ಚ್‌ವರೆಗೆ. ಆಮೇಲೆ ನನ್ನ ಹತ್ರ ಬರಬೇಡಿ," ಅಂದರು. ಸಿಟ್ಟಿನಲ್ಲಿ ಅನ್ನಲಿಲ್ಲ. ಅದರಿಂದ ಇನ್ನೂ ಭಯವಾಯಿತು.

ಜಗದಾಂಬಾಗೆ ಸಂಜೆಯೇ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು. ಊಟಕ್ಕೆ ಬಡಿಸುವಾಗ, "ಆ ನಾಯಿ ಹೆಸರೇನು?" ಅಂದಳು. "ಬೈರ," ಅಂದೆ.

೨ ಜನವರಿ ೨೦೦೬, ಸೋಮವಾರ

ನನ್ನ ರೂಮಿಗೆ ಕಂಪ್ಯೂಟರ್ ಮೇಜುಗಳು ಬಂದಿವೆ. ಎಂಟನೇ ಬಿಗೆ ಅವರ ಕ್ಲಾಸಿನಲ್ಲೇ ಪಾಠ. ಅಂಜಿನಯ್ಯ ಬಾಗಿಲಿಗೆ ಬಂದು, "ಮೇಷ್ಟ್ರೇ, ಹೇಗೂ ಮಾರ್ಚ್‌ವರೆಗೆ ತಾನೇ, ಎಲ್ಲಾ ಪೀರಿಯಡ್ಡೂ ಕೊಟ್ಬಿಡಿ," ಅಂದರು.

"ಇಲ್ಲ ಸಾರ್. ಪಾಠ ಇದೆ," ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ಇವತ್ತು ನೆಗಡಿ ಬೇರೆ, ಅದಕ್ಕೇ ಹಾಗೆ ಅಂದೆನೋ ಏನೋ.

ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ನೀವು ದಿನಾ ನೋಡುವುದನ್ನು ಬರೆಯಿರಿ ಅಂದೆ. "ಸರಿ ಬರ್ದೆ ಇದ್ರೆ ಆಮೇಲೆ ನೀವೇ ಮಾಡ್ತೀರಲ್ಲ ಸಾರ್?" ಅಂತ ಮುಂದಿನ ಬೆಂಚಿನವನು ಕೇಳಿದ. ಇಲ್ಲ ಅಂದೆ. ಗಾಬರಿಯಾದವು. ಆಮೇಲೆ ತಲೆ ಬಗ್ಗಿಸಿ ಬರೆಯತೊಡಗಿದವು.

ವಿಜಯಶ್ರೀಯ ಪಕ್ಕದಲ್ಲಿ, ಕೊನೆಯ ಬೆಂಚಿನಲ್ಲಿ, ನಾನೂ ಒಂದು ಹಾಳೆ ಇಟ್ಟುಕೊಂಡು ಕೂತೆ. ಅಲ್ಲಿಂದ ಬರೀ ಬೆನ್ನು ಕಾಣುತ್ತದೆ. ಒಂದೊಂದೇ ಬರೆದು ಕೆಳಗೆ ಹೆಸರು ಹಾಕಲು ಹೋದೆ. ನಲವತ್ತೊಂದರಲ್ಲಿ ನನಗೆ ಗುರುತು ಸಿಕ್ಕಿದ್ದು ಒಂಬತ್ತು. ಉಳಿದವರನ್ನು ವಿಜಯಶ್ರೀ ಹೇಳಿಕೊಡತೊಡಗಿದಳು, ಇನ್ನೂ ಹನ್ನೆರಡು ಹೆಸರು ಆಗುವಷ್ಟರಲ್ಲಿ ಬೆಲ್ ಹೊಡೆಯಿತು. ಮಾರ್ಚ್‌ವರೆಗೆ ಇನ್ನೂ ಹದಿನೆಂಟು ಪೀರಿಯಡ್ ಇವೆ.